ಮೇಯ್ನ್ ಕೂನ್: ದೊಡ್ಡ ಬೆಕ್ಕು, ಸಾಧು ಗುಣ

ಹಾಲು-ಅನ್ನ ಹಾಕಿದರೆ ಬೆಕ್ಕು ತಾನಾಗಿ ಬೆಳೆಯುತ್ತದೆ ಎಂದು ನಾವು ತಿಳಿದಿದ್ದೇವೆ. ಊರಬೆಕ್ಕಾದರೆ ಕೊರತೆ ಬಿದ್ದುದನ್ನು ಇಲಿ ಹಿಡಿದು ತುಂಬಿಕೊಳ್ಳುತ್ತದೆ. ಆದರೆ ಉದ್ದ ಕೂದಲಿನ ವಿದೇಶಿ ಬೆಕ್ಕುಗಳನ್ನು ದುಡ್ಡು ಕೊಟ್ಟು ತಂದು ಮನೆಯೊಳಗೇ ಸಾಕುವವರೂ ಈಗ ಇದ್ದಾರೆ. ಅಂಥ ತಳಿಗಳಲ್ಲಿ ಅತಿ ದೊಡ್ಡದರಲ್ಲೊಂದು ಮೇಯ್ನ್ ಕೂನ್.

ಇದರ ತವರು ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯ. 1985ರಲ್ಲಿ ಆ ರಾಜ್ಯ ಇದನ್ನು ತನ್ನ ಅಧಿಕೃತ ಬೆಕ್ಕೆಂದು ಸಾರಿತು. ಗಂಡು 6ರಿಂದ 8 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಗುತ್ತದೆ. ಪೂರ್ಣ ಬೆಳೆಯಲು 3ರಿಂದ 5 ವರ್ಷ ಬೇಕು. ರಕೂನ್ ಎಂಬ ಕಾಡುಪ್ರಾಣಿಯೊಡನೆ ಕೂಡಿ ಹುಟ್ಟಿದ್ದೆಂಬುದು ಬರೀ ಕಥೆ.

ಗಾತ್ರ ನೋಡಿ ಹೆದರಬೇಕಿಲ್ಲ. ಮಕ್ಕಳೊಡನೆ, ಮನೆಯ ನಾಯಿಯೊಡನೆ ಕೂಡ ಹೊಂದಿಕೊಂಡು ಹೋಗುತ್ತದೆ. ಮಡಿಲೇ ಬೇಕೆಂಬ ಹಟವಿಲ್ಲ. ಆದರೆ ನಾವು ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಜಗಲಿಗೆ ಬಂದರೆ ಜಗಲಿಗೆ ಹಿಂದೆಯೇ ಬರುತ್ತದೆ. ಅಷ್ಟು ದೊಡ್ಡ ದೇಹಕ್ಕೆ ದನಿ ಮಾತ್ರ ಹಕ್ಕಿಯ ಚಿಲಿಪಿಲಿಯಂತೆ. ದಿನವಿಡೀ ಮನೆಗೆ ಬೀಗ ಹಾಕಿ ಹೋಗುವವರಿಗೆ ಇದು ಹೇಳಿಸಿದ್ದಲ್ಲ.

ಹಿಮ ಬೀಳುವ ನಾಡಿನ ಕೂದಲು ನಮ್ಮ ಸೆಕೆಯಲ್ಲಿ ಅದಕ್ಕೆ ಹೊರೆ. ನೆರಳು, ಗಾಳಿ, ಶುದ್ಧ ನೀರು ಸದಾ ಇರಲಿ. ವಾರಕ್ಕೆ ಎರಡು ಮೂರು ಸಲ ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಬೇಕು. ಬೆನ್ನು ಬಾಚಿ ಬಿಟ್ಟರೆ ಸಾಲದು; ಗಂಟು ಕಟ್ಟುವುದು ಹೊಟ್ಟೆ, ಕಂಕುಳು, ಹಿಂಗಾಲುಗಳ ಸಂದಿನಲ್ಲಿ. ಗಂಟಿಗೆ ಕತ್ತರಿ ಹಾಕಬೇಡಿ. ತೆಳುವಾದ ಚರ್ಮ ಗಂಟಿನೊಡನೆ ಎದ್ದು ಬಂದು ಸೀಳಿಹೋಗುತ್ತದೆ. ಬೆರಳಿನಿಂದ ಬಿಡಿಸಿ, ಆಗದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಮುಖ್ಯ ಸಂಗತಿ ಹೃದಯದ್ದು. ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಅದಕ್ಕೆ ಕಾರಣವಾಗುವ ಒಂದು ಜೀನ್ ದೋಷವನ್ನು ಸಂಶೋಧಕರು 2005ರಲ್ಲಿ ಗುರುತಿಸಿದರು. ನಿನ್ನೆ ಆಡುತ್ತಿದ್ದ ಬೆಕ್ಕು ಇಂದು ಸತ್ತು ಬಿದ್ದಿರಬಹುದು. ಇಲ್ಲವೇ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಹಿಂಗಾಲುಗಳ ರಕ್ತನಾಳಕ್ಕೆ ಸಿಕ್ಕಿಕೊಂಡು ಕಾಲುಗಳು ಒಮ್ಮೆಲೇ ತಣ್ಣಗಾಗಿ ಬಿದ್ದುಹೋಗಬಹುದು. ಆದ್ದರಿಂದ ಮರಿ ಕೊಳ್ಳುವಾಗ ಬಣ್ಣ ನೋಡುವ ಮೊದಲು ತಂದೆ ತಾಯಿಗಳ ಜೀನ್ ಪರೀಕ್ಷೆ, ಹೃದಯದ ಸ್ಕ್ಯಾನ್ ವರದಿ ಕೇಳಿ. ಜೀನ್ ಪರೀಕ್ಷೆ ಚೆನ್ನಾಗಿದ್ದರೂ ಸ್ಕ್ಯಾನ್ ಬೇಕೇ ಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆಯೆಂದು ಸುಮ್ಮನಿರಬೇಡಿ.

ಇನ್ನು ಹಾಲು-ಅನ್ನದ ಮಾತು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣು ಹೋಗುತ್ತದೆ, ಹೃದಯದ ಬಲವೂ ಕುಂದುತ್ತದೆ. ಟಾರಿನ್ ಸೇರಿಸಿದ ಬೆಕ್ಕಿನ ಆಹಾರವೇ ದಿನದ ಊಟವಾಗಿರಲಿ. ಜೊತೆಗೆ ಮೀನು, ಕೋಳಿ ಕೊಡುವುದಾದರೆ ಉಪ್ಪು, ಈರುಳ್ಳಿ, ಮುಳ್ಳು ಇಲ್ಲದೆ ಬೇಯಿಸಿ ಕೊಡಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಅದರಲ್ಲಿ ಇಳಿದಿರುತ್ತದೆ.