ತಂಡದ ಖಾತೆ ಪುಸ್ತಕ

1934ರ ನವೆಂಬರ್ 4, ಮದ್ರಾಸಿನ ಚೆಪಾಕ್ ಮೈದಾನ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ. ಎಂ.ಜೆ. ಗೋಪಾಲನ್ ಎಸೆದ ಮೊದಲ ಚೆಂಡನ್ನು ಎದುರಿಸಿದವರು ಮೈಸೂರು ತಂಡದ ಎನ್. ಕರ್ಟಿಸ್. ಮೈಸೂರು 48ಕ್ಕೆ ಆಲೌಟ್ ಆಯಿತು. ಮದ್ರಾಸ್ 130 ಹೊಡೆಯಿತು. ಎರಡನೇ ಸಲ ಬ್ಯಾಟ್ ಹಿಡಿದ ಮೈಸೂರಿಗೆ ಸಿಕ್ಕಿದ್ದು 59. ಎ.ಜಿ. ರಾಮ್‌ಸಿಂಗ್ ಎರಡೂ ಇನಿಂಗ್ಸ್ ಸೇರಿ 11 ವಿಕೆಟ್ ಕಿತ್ತರು. ಸೂರ್ಯ ಮುಳುಗುವುದರೊಳಗೆ ಪಂದ್ಯ ಮುಗಿದು, ಮದ್ರಾಸ್ ಇನಿಂಗ್ಸ್ ಮತ್ತು 23 ರನ್ನುಗಳಿಂದ ಗೆದ್ದಿತ್ತು.

ನಮ್ಮವರ ಪಾಲಿಗೆ ಮರೆಯಬೇಕಾದ ದಿನವೇ ಅದು. ಆದರೂ ಮರೆತಿಲ್ಲ. ಬೆಳಗಾವಿ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದ ಆ ಪಂದ್ಯದ ರನ್ನು, ವಿಕೆಟ್ಟುಗಳನ್ನು ಇಂದು ಅದೇ ಜಿಲ್ಲೆಯ ಭೋಜದ ಹುಡುಗನೊಬ್ಬ ಕೂತಲ್ಲೇ ಓದಬಹುದು. ಮೈದಾನದ ಅಂಚಿನಲ್ಲಿ ಒಬ್ಬರು ಪೆನ್ಸಿಲ್ ಹಿಡಿದು ಕೂತಿದ್ದರು, ಅಷ್ಟೇ ಕಾರಣ. ಆಟಗಾರರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಆ ಪೆನ್ಸಿಲ್ಲಿನ ಕಸುಬು ಮತ್ತು ಅದರಿಂದ ಹುಟ್ಟುವ ಪುಸ್ತಕವನ್ನು ಪರಿಚಯಿಸಬೇಕೆಂದು ನನಗೆ ಬಹಳ ದಿನದಿಂದ ಆಸೆ.

ನಿಪ್ಪಾಣಿಯ ತಂಬಾಕಿನ ಪೇಟೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಗಡಿಯಲ್ಲಿ ಕಿರ್ದಿ ಬೇರೆ, ಖಾತೆ ಬೇರೆ. ದಿನದ ವ್ಯವಹಾರ ನಡೆದ ಹಾಗೆಯೇ ಕಿರ್ದಿಗೆ ಇಳಿಯುತ್ತದೆ, ಅದರಿಂದ ಎತ್ತಿ ಒಬ್ಬೊಬ್ಬರ ಹೆಸರಿನ ಕೆಳಗೆ ಬರೆದದ್ದು ಖಾತೆ. ಪಂದ್ಯದ ಸ್ಕೋರ್ ಹಾಳೆ ಕಿರ್ದಿಯಾದರೆ, ಆಟಗಾರರ ವೈಯಕ್ತಿಕ ದಾಖಲೆಗಳ ಪಟ್ಟಿ ಖಾತೆ. ಕಿರ್ದಿ ತಪ್ಪಿದ್ದರೆ ಖಾತೆಯೂ ತಪ್ಪು.

ಕ್ರಿಕೆಟ್ಟಿನ ನಿಯಮಾವಳಿಯಲ್ಲಿ ಮೂರನೆಯ ನಿಯಮವೇ ಸ್ಕೋರರ್‌ಗಳದ್ದು. ಇಬ್ಬರು ಇರಬೇಕು, ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗಬೇಕು. ಅಂಪೈರ್ ಕೈ ಎತ್ತಿ ಸಂಜ್ಞೆ ಮಾಡಿದರೆ ಸ್ಕೋರರ್ ಉತ್ತರ ಕೊಡಬೇಕು, ಆ ಉತ್ತರ ಬರುವವರೆಗೆ ಅಂಪೈರ್ ಕಾಯಬೇಕು. ರನ್ ಬಾರದ ಚೆಂಡಿಗೆ ಒಂದು ಚುಕ್ಕಿ. ಓವರಿನ ಆರೂ ಚುಕ್ಕಿಯಾದರೆ ಅವನ್ನು ಗೆರೆಯಿಂದ ಸೇರಿಸಿ ಇಂಗ್ಲಿಷಿನ ‘ಎಂ’ ಮಾಡುತ್ತಾರೆ. ಅದು ಮೇಡನ್ ಓವರ್. ಅದರಲ್ಲೇ ವಿಕೆಟ್ಟೂ ಬಿದ್ದಿದ್ದರೆ ಗೆರೆ ‘ಡಬ್ಲ್ಯು’ ಆಗುತ್ತದೆ. ಬೈ, ಲೆಗ್ ಬೈ ಬೌಲರ್ ತಲೆಗೆ ಕಟ್ಟುವಂತಿಲ್ಲ. ವೈಡ್, ನೋಬಾಲ್ ಕಟ್ಟಬೇಕು. ರನೌಟ್ ಆದರೆ ವಿಕೆಟ್ ಬೌಲರಿನದಲ್ಲ. ಇನಿಂಗ್ಸ್ ಮುಗಿದ ಮೇಲೆ ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಕೂಡಿಸಿದರೂ, ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಕೂಡಿಸಿದರೂ ಒಂದೇ ಮೊತ್ತ ಬರಬೇಕು. ಒಂದು ರನ್ ಆಚೀಚೆಯಾದರೂ ಎಲ್ಲೋ ಒಂದು ಚೆಂಡು ಕಳೆದುಹೋಗಿದೆ ಎಂದೇ ಅರ್ಥ. ಆ ಚೆಂಡನ್ನು ಹುಡುಕಿ ತೆಗೆಯುವವರೆಗೆ ಒಳ್ಳೆಯ ಸ್ಕೋರರ್ ಕುರ್ಚಿ ಬಿಟ್ಟು ಏಳುವುದಿಲ್ಲ.

ಹೀಗೆ ಕಟ್ಟಿದ ಕರ್ನಾಟಕ ತಂಡದ ಖಾತೆ ಈಗ ಶ್ರೀಮಂತವಾಗಿದೆ. 1973-74ರಲ್ಲಿ ಮೊದಲ ಸಲ ರಣಜಿ ಗೆದ್ದ ತಂಡ 2014-15ರ ಹೊತ್ತಿಗೆ ಎಂಟು ಸಲ ಚಾಂಪಿಯನ್. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಆದರೆ ಪುಸ್ತಕ ಅಲ್ಲಿಂದ ಶುರುವಾಗುವುದಿಲ್ಲ. 1967ರಲ್ಲಿ ಜಿ.ಆರ್. ವಿಶ್ವನಾಥ್ ಆಂಧ್ರದ ವಿರುದ್ಧ ತಮ್ಮ ಮೊದಲ ಪಂದ್ಯದಲ್ಲೇ ಹೊಡೆದ 230 ರನ್ ಮೈಸೂರು ತಂಡಕ್ಕೆ. ಹೆಸರು ಬದಲಾದರೂ ಮನೆ ಒಂದೇ ಎಂದು ದಾಖಲೆ ಬರೆಯುವವರು ಎರಡನ್ನೂ ಕೂಡಿಸಿಯೇ ಎಣಿಸುತ್ತಾರೆ. ಆ ತೀರ್ಮಾನ ಸರಿ ಎಂದೇ ನನ್ನ ಭಾವನೆ.

ಆ ಖಾತೆಯಲ್ಲಿ 2015 ಬಲು ದೊಡ್ಡ ವರ್ಷ. ಜನವರಿಯಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಉತ್ತರ ಪ್ರದೇಶದ ವಿರುದ್ಧ ಕೆ.ಎಲ್. ರಾಹುಲ್ 337 ಹೊಡೆದರು. ಕರ್ನಾಟಕದ ಪರವಾಗಿ ಅದೇ ಮೊದಲ ತ್ರಿಶತಕ. ಎಂಟು ದಶಕ ಯಾರಿಗೂ ಆಗದ್ದು ಒಮ್ಮೆ ಆಯಿತು ಎನ್ನುವಷ್ಟರಲ್ಲಿ, ಮಾರ್ಚ್‌ನಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ನಡೆದ ಫೈನಲ್‌ನಲ್ಲಿ ಕರುಣ್ ನಾಯರ್ ತಮಿಳುನಾಡಿನ ವಿರುದ್ಧ 328 ಹೊಡೆದರು. ರಣಜಿ ಫೈನಲ್‌ನ ಅತಿ ದೊಡ್ಡ ವೈಯಕ್ತಿಕ ಮೊತ್ತವಾಗಿ 1946-47ರಿಂದ ನಿಂತಿದ್ದ ಬರೋಡದ ಗುಲ್ ಮಹಮ್ಮದರ 319 ಹಿಂದೆ ಬಿತ್ತು. ಅದೇ ಪಂದ್ಯದಲ್ಲಿ ನಾಯಕ ವಿನಯ್ ಕುಮಾರ್ ಶತಕವನ್ನೂ ಹೊಡೆದರು, ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ಟನ್ನೂ ಕಿತ್ತರು. ನಮ್ಮ ಮೊತ್ತ 762.

ಉತ್ತರ ಕರ್ನಾಟಕದವನಾದ ನನಗೆ ಆ ಪುಸ್ತಕದಲ್ಲಿ ತುಂಬ ಪ್ರೀತಿಯ ಪುಟ ಗದುಗಿನ ಸುನಿಲ್ ಜೋಶಿಯವರದು. ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮುಗಿಸಿ, ಮತ್ತೆ ಗದುಗಿಗೆ ಬಂದು ಶಾಲೆಗೆ ಕೂರುತ್ತಿದ್ದವರು. 1995-96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್. ಭಾರತಕ್ಕೆ ಅವರು ಆಡಿದ್ದು ಹದಿನೈದು ಟೆಸ್ಟ್ ಮಾತ್ರ. ಆ ಲೆಕ್ಕವೊಂದನ್ನೇ ನೋಡಿದವರಿಗೆ ಅವರು ಎಂಥ ಆಟಗಾರರೆಂದು ತಿಳಿಯುವುದಿಲ್ಲ, ರಾಜ್ಯ ತಂಡದ ಖಾತೆ ತೆರೆದವರಿಗೆ ತಿಳಿಯುತ್ತದೆ. ನಮ್ಮದೇ ಜಿಲ್ಲೆಯ ವೇಗದ ಬೌಲರ್ ರೋನಿತ್ ಮೋರೆ ಕಿತ್ತ ವಿಕೆಟ್ಟುಗಳೂ ಅಲ್ಲಿವೆ.

ಆದರೆ ಖಾತೆ ಓದುವುದಕ್ಕೂ ಕಲಿಯಬೇಕು. ಬಿ.ಎಸ್. ಚಂದ್ರಶೇಖರ್ ರಣಜಿಯಲ್ಲಿ 437 ವಿಕೆಟ್ ಪಡೆದರು, ಜೋಶಿ 479. ಬರೀ ಅಂಕಿ ನೋಡಿ ಚಂದ್ರ ಹಿಂದೆ ಎಂದರೆ ಅನ್ಯಾಯವಾಗುತ್ತದೆ. ಚಂದ್ರ ಆಡುತ್ತಿದ್ದ ಕಾಲದಲ್ಲಿ ದಕ್ಷಿಣ ವಲಯದಲ್ಲಿ ಇದ್ದದ್ದೇ ಐದು ತಂಡ. ನಾಲ್ಕು ಲೀಗ್ ಪಂದ್ಯ ಮುಗಿದ ಮೇಲೆ ಮುಂದಿನ ಸುತ್ತು ಸಿಕ್ಕರೆ ಸಿಕ್ಕಿತು. 2014-15ರಲ್ಲಿ ಲೀಗ್ ಪಂದ್ಯಗಳೇ ಎಂಟು. ಹಾಗೆಯೇ ವಿನಯ್ ಕುಮಾರ್ 2019-20ರಲ್ಲಿ ಪುದುಚೇರಿಗೆ ಆಡಿ ಕಿತ್ತ ವಿಕೆಟ್ ಅವರ ಒಟ್ಟು ಲೆಕ್ಕಕ್ಕೆ ಸೇರುತ್ತದೆ, ಕರ್ನಾಟಕದ ಪಟ್ಟಿಗೆ ಸೇರುವುದಿಲ್ಲ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕೂಚ್ ಬಿಹಾರ್ ಟ್ರೋಫಿಯ ಫೈನಲ್‌ನಲ್ಲಿ ಪ್ರಖರ್ ಚತುರ್ವೇದಿ ಮುಂಬಯಿ ವಿರುದ್ಧ ಔಟಾಗದೆ 404 ಹೊಡೆದದ್ದು ರಾಹುಲರ 337ನ್ನು ಅಳಿಸಲಿಲ್ಲ. ಅದು 19 ವರ್ಷದೊಳಗಿನವರ ಟೂರ್ನಿ, ಅದರ ಖಾತೆಯೇ ಬೇರೆ.

ಈ ಕಸುಬನ್ನು ತುದಿಗೆ ಒಯ್ದದ್ದು ಅಮೆರಿಕದ ಕಾಲೇಜುಗಳು. ಅಲ್ಲಿನ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಎಸೆದು ತಮ್ಮವನ ಕೈಗೆ ಮುಟ್ಟಿಸಬೇಕು. ಮುಂದೆ ಸಾಗಿದ ಪ್ರತಿ ಗಜಕ್ಕೂ ಲೆಕ್ಕವಿದೆ. ಎಸೆದದ್ದು, ಹಿಡಿದದ್ದು, ಓಡಿದ್ದು, ಎದುರಾಳಿಯನ್ನು ಕೆಡವಿದ್ದು ಎಲ್ಲಕ್ಕೂ ಪ್ರತ್ಯೇಕ ಪಟ್ಟಿ. ಒಂದು ಪಂದ್ಯ, ಒಂದು ಋತು, ಇಡೀ ಕಾಲೇಜು ಜೀವನ ಎಂದು ಪ್ರತಿ ಪಟ್ಟಿಗೂ ಮೂರು ಭಾಗ. ಪ್ರತಿ ಕಾಲೇಜೂ ತನ್ನ ತಂಡದ ಇಂಥ ಪುಸ್ತಕವನ್ನು ಕುಲದ ಚರಿತ್ರೆಯ ಹಾಗೆ ಕಾಪಾಡುತ್ತದೆ.

ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಓಡಿಯೇ 2628 ಗಜ ಗಳಿಸಿದರು. 2024ರಲ್ಲಿ ಬಾಯ್ಸಿ ಸ್ಟೇಟ್‌ನ ಆ್ಯಶ್ಟನ್ ಜೆಂಟಿ 2601ಕ್ಕೆ ಬಂದು ನಿಂತರು. 27 ಗಜ ಕಡಿಮೆ. ಕೇಳಿದರೆ ಕೂದಲೆಳೆಯ ಅಂತರ ಅನಿಸುತ್ತದೆ. ಆದರೆ ಸ್ಯಾಂಡರ್ಸ್ ಲೆಕ್ಕ 11 ಪಂದ್ಯಗಳದು, ಜೆಂಟಿಯದು 14. ಋತುವಿನ ಕೊನೆಗೆ ನಡೆಯುವ ‘ಬೌಲ್’ ಪಂದ್ಯದಲ್ಲಿ ಸ್ಯಾಂಡರ್ಸ್ ಇನ್ನೂ 222 ಗಜ ಓಡಿದ್ದರು. ಆ ಕಾಲದಲ್ಲಿ ಬೌಲ್ ಪಂದ್ಯದ ಗಳಿಕೆಯನ್ನು ಋತುವಿನ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಹಿಡಿಯತೊಡಗಿದ್ದು 2002ರಿಂದ. ಹಿಂದಿನ ಲೆಕ್ಕವನ್ನು ತಿದ್ದಲೂ ಇಲ್ಲ. 1972ಕ್ಕೆ ಮೊದಲು ಕಾಲೇಜಿನ ಮೊದಲ ವರ್ಷದ ಹುಡುಗರಿಗೆ ಮುಖ್ಯ ತಂಡದಲ್ಲಿ ಆಡುವ ಅವಕಾಶ ಸಾಮಾನ್ಯವಾಗಿ ಇರಲಿಲ್ಲ, ಆದ್ದರಿಂದ ಹಳಬರ ಕಾಲೇಜು ಜೀವನದ ಖಾತೆಯಲ್ಲಿ ಒಂದು ವರ್ಷವೇ ಕಡಿಮೆ. ಒಳ್ಳೆಯ ದಾಖಲೆ ಪುಸ್ತಕ ಇದನ್ನೆಲ್ಲ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಹೇಳುತ್ತದೆ. ನಾನು ಮೊದಲು ಓದುವುದು ಆ ಸಣ್ಣ ಅಕ್ಷರವನ್ನೇ. ಅದಿಲ್ಲದ ಪಟ್ಟಿಯನ್ನು ನಂಬುವುದು ಕಷ್ಟ.

ಕನ್ನಡದಲ್ಲೂ ಈ ಕೆಲಸಕ್ಕೆ ಆಯುಷ್ಯ ಸವೆಸಿದವರಿದ್ದಾರೆ. ಚನ್ನಗಿರಿ ಕೇಶವಮೂರ್ತಿ ಕ್ರಿಕೆಟ್ ಅಂಕಿಅಂಶಗಳನ್ನು ಕನ್ನಡ ಓದುಗರ ಕೈಗೆ ಕೊಟ್ಟವರು. ಬೆಂಗಳೂರಿನ ಎಚ್.ಆರ್. ಗೋಪಾಲಕೃಷ್ಣ ಕೂಡ ಅಂಕಿಅಂಶಗಳಿಗೇ ಹೆಸರಾದವರು. ಆದರೆ ಅವರ ಕೈಗೆ ಬರುವುದು ಯಾರೋ ಬರೆದಿಟ್ಟ ಪಂದ್ಯ ಮಾತ್ರ.

ದೂಧಗಂಗಾ, ವೇದಗಂಗಾ ಕೂಡುವ ನಮ್ಮ ಭೋಜದ ಸೀಮೆಯಲ್ಲಿ ಆಟಕ್ಕೆ ಬರವಿಲ್ಲ. ಕಬ್ಬು ಕಡಿದ ಹೊಲದಲ್ಲಿ ಟೆನಿಸ್ ಬಾಲ್ ಕ್ರಿಕೆಟ್, ಜಾತ್ರೆಗೆ ಕುಸ್ತಿ, ಶಾಲೆ ಅಂಗಳದಲ್ಲಿ ಖೋಖೋ, ಕಬಡ್ಡಿ. ಮೈಕಿನಲ್ಲಿ ಕನ್ನಡ, ಮರಾಠಿ ಎರಡೂ ಕೇಳುತ್ತವೆ. ಗೆದ್ದ ತಂಡದ ಹೆಸರು ಟ್ರೋಫಿಯ ಮೇಲೆ ಉಳಿಯುತ್ತದೆ. ಯಾವ ಹುಡುಗ ಎಷ್ಟು ಹೊಡೆದ ಎಂಬುದು ನೋಡಿದವರ ಬಾಯಲ್ಲಿ ನಾಲ್ಕಾರು ವರ್ಷ ಇದ್ದು ಕರಗುತ್ತದೆ. ಕುಸ್ತಿಯಲ್ಲಂತೂ ಎಣಿಸಲು ರನ್ನಿಲ್ಲ. 1912ರಲ್ಲಿ ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಕಟ್ಟಿಸಿದ ಖಾಸಬಾಗ ಮೈದಾನಕ್ಕೆ ಹೋಗಿ ಬಂದ ಹಿರಿಯ ಪೈಲ್ವಾನರ ನೆನಪೇ ಅಲ್ಲಿ ಪುಸ್ತಕ. ಅದಕ್ಕೂ ಖಾತೆ ಬರೆಯಬಹುದು: ಯಾರ ಮೇಲೆ, ಯಾವ ಜಾತ್ರೆಯಲ್ಲಿ, ಎಷ್ಟು ನಿಮಿಷಕ್ಕೆ, ಯಾವ ಪಟ್ಟಿನಿಂದ ಚಿತ್ ಮಾಡಿದ. ಕಬಡ್ಡಿಯನ್ನೇ ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಪ್ರತಿ ರೈಡಿಗೂ ಲೆಕ್ಕ ಬಂತು. ಬೆಂಗಳೂರು ಬುಲ್ಸ್‌ನ ಪವನ್ ಸೆಹ್ರಾವತ್ 2019ರಲ್ಲಿ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದದ್ದು ಈಗ ಮಕ್ಕಳ ಬಾಯಲ್ಲಿದೆ.

ಊರಿನ ತಂಡ, ಕಾಲೇಜಿನ ತಂಡ ಒಂದು ಗಟ್ಟಿ ರಟ್ಟಿನ ರಜಿಸ್ಟರ್ ಕೊಂಡರೆ ಸಾಕು, ಕೆಲಸ ಶುರು ಮಾಡಬಹುದು. ಎಡಗಡೆ ಪಂದ್ಯ: ತಾರೀಖು, ಊರು, ಎದುರಾಳಿ, ಎಷ್ಟು ಓವರ್, ಟೆನಿಸ್ ಚೆಂಡೋ ಲೆದರ್ ಚೆಂಡೋ. ಬಲಗಡೆ ಆಟಗಾರರು: ಪೂರ್ತಿ ಹೆಸರು, ತಂದೆಯ ಹೆಸರು, ರನ್, ಎದುರಿಸಿದ ಚೆಂಡು, ವಿಕೆಟ್. ಒಂದೇ ಹೆಸರಿನವರು ಊರಿಗೆ ನಾಲ್ವರಿರುತ್ತಾರೆ, ಅದಕ್ಕೇ ತಂದೆಯ ಹೆಸರು ಬೇಕು. ಎಂಟು ಓವರಿನ ಪಂದ್ಯವನ್ನೂ ಇಪ್ಪತ್ತು ಓವರಿನ ಪಂದ್ಯವನ್ನೂ ಒಂದೇ ಪಟ್ಟಿಗೆ ಹಾಕಬಾರದು. ಹುಡುಗಿಯರ ತಂಡಕ್ಕೂ ಮೊದಲ ವರ್ಷದಿಂದಲೇ ರಜಿಸ್ಟರ್ ಇರಲಿ. ಇಬ್ಬರು ಬರೆದು, ಮೊತ್ತ ಎರಡು ಕಡೆಯಿಂದಲೂ ಕೂಡಿಸಿ ತಾಳೆ ನೋಡಿ, ಅಂದೇ ಮೈದಾನದಲ್ಲಿ ಎರಡೂ ಕ್ಯಾಪ್ಟನ್‌ಗಳ ಸಹಿ ಹಾಕಿಸಿಕೊಳ್ಳಬೇಕು. ಮರುದಿನಕ್ಕೆ ಬಿಟ್ಟರೆ ಆ ಹಾಳೆ ಭರ್ತಿಯಾಗುವುದಿಲ್ಲ.