ಇಬ್ಬರು ಚೆನ್ನಣ್ಣರು

ಶೆಟ್ಟರ ಮನೆತನದ ಬೇರು ಹುಡುಕುವವರು ಮೊದಲು ಶ್ರವಣಬೆಳಗೊಳದ ಶಾಸನಗಳನ್ನು ಓದಬೇಕು

ಹಾಸನದ ಕಡೆಯ ಹಳೆಯ ವ್ಯಾಪಾರಿ ಮನೆಗಳಲ್ಲಿ ವಂಶದ ಮಾತೆತ್ತಿದರೆ ಜ್ಞಾಪಕ ಮುತ್ತಜ್ಜನವರೆಗೆ ಹೋಗಿ ನಿಲ್ಲುತ್ತದೆ. ‘ದೊಡ್ಡ ಶೆಟ್ಟರು’ ಎನ್ನುತ್ತಾರೆ, ಹೆಸರು ಬಾರದು. ಅದರಾಚೆಗೆ ಕಾಗದ ಬೇಕು, ಇಲ್ಲವೇ ಕಲ್ಲು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಲ್ಲಿಗೇನೂ ಬರವಿಲ್ಲ. ಶ್ರವಣಬೆಳಗೊಳದ 144 ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಅಚ್ಚು ಹಾಕಿಸಿದರು. 1923ರ ಪರಿಷ್ಕೃತ ಮುದ್ರಣದಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಮುಟ್ಟಿಸಿದರು.

ಅವುಗಳಲ್ಲಿ 1634ರ ಶಾಸನವೊಂದು ಸಾಲದ ವ್ಯವಹಾರದ್ದು. ದೇವರ ಜಮೀನನ್ನು ಪೂಜೆ ನಡೆಸುವ ಸ್ಥಾನಿಕರೇ ವರ್ತಕರಿಗೆ ಅಡವಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟವರನ್ನು ಕರೆಸಿ, ‘ನಿಮ್ಮ ಬಾಕಿ ನಾವು ತೀರಿಸುತ್ತೇವೆ’ ಎಂದರು. ಅರಸನ ಕೈಯಿಂದ ಬಾಕಿ ವಸೂಲು ಮಾಡುವವರಾರು? ತಂದೆತಾಯಿಗಳಿಗೆ ಪುಣ್ಯವಾಗಲಿ ಎಂದು ವರ್ತಕರು ಅಡವನ್ನೇ ಬಿಟ್ಟುಕೊಟ್ಟರು. ಅವರಲ್ಲೊಬ್ಬ ಹೊಸಹೊಳಲಿನ ಕೆಂಪಪ್ಪನ ಮಗ ಚೆನ್ನಣ್ಣ.

ಮುಂದೆ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚೆನ್ನಣ್ಣ ಬಸದಿ ಎದ್ದಿತು, ಕೆಳಗೊಂದು ಕೊಳವೂ ಆಯಿತು. ಸಾಲ ಬಿಟ್ಟವನೇ ಬಸದಿ ಕಟ್ಟಿಸಿದ ಎಂದು ಕಥೆ ಹೆಣೆಯಲು ಯಾರಿಗಾದರೂ ಆಸೆಯಾದೀತು. ಆದರೆ 1673ರ ದಾನಶಾಸನದ ಚೆನ್ನಣ್ಣ ಪುಟ್ಟಸಾಮಿ ಶೆಟ್ಟಿಯ ಮಗ. ಹೆಸರು ಒಂದೇ, ಅಪ್ಪ ಬೇರೆ, ನಡುವೆ 39 ವರ್ಷ. ಇವನನ್ನು ಕೆಂಪಪ್ಪನ ಮನೆಗೆ ಸೇರಿಸಲು ಶಾಸನ ಒಪ್ಪುವುದಿಲ್ಲ. ವಂಶ ಹುಡುಕುವಾಗ ಕೈಹಿಡಿಯುವುದು ಅಪ್ಪನ ಹೆಸರು, ಊರಿನ ಹೆಸರು. ಬಿರುದು, ಮನೆಯವರ ಹೆಮ್ಮೆಯ ಕಥೆಗಳು ಆಮೇಲಿನವು.

ಹತ್ತೊಂಬತ್ತನೇ ಶತಮಾನಕ್ಕೆ ಬಂದರೆ ಲೆಕ್ಕ ಕಡತಕ್ಕೆ ಇಳಿಯುತ್ತದೆ. ಹುಣಸೆಬೀಜದ ಅಂಟು, ಇದ್ದಿಲಿನ ಮಸಿ ಬಳಿದು ಮಡಿಸಿದ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದ ಜಮಾಖರ್ಚು. ಇಲ್ಲೊಂದು ಗುಂಡಿಯಿದೆ: ಬರೀ ‘ಈಶ್ವರ ಸಂವತ್ಸರ’ ಎಂದಿದ್ದರೆ ಅದು 1817ರದ್ದೂ ಆಗಬಹುದು, 1877ರದ್ದೂ ಆಗಬಹುದು. ಶಕವರ್ಷ ಸಿಗದಿದ್ದರೆ ಒಳಗಿನ ಲೆಕ್ಕವನ್ನೇ ಕೇಳಬೇಕು. ಧಾನ್ಯದ ದರ ಸಿಕ್ಕಾಪಟ್ಟೆ ಏರಿ, ಸಾಲದ ಹೆಸರುಗಳು ಸಾಲುಗಟ್ಟಿ ವಸೂಲಿಯೇ ನಿಂತಿದ್ದರೆ 1877ರ ಸುಮಾರಿನ ಧಾತು-ಈಶ್ವರದ ಬರದ ಅನುಮಾನ ಬಲವಾಗುತ್ತದೆ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ಆ ಬರದ ಏಟಿಗೆ 1881ರಲ್ಲಿ 41,86,188ಕ್ಕೆ ಕುಸಿದಿತ್ತು. ಸಾಲಗಾರರೇ ಇಲ್ಲವಾದ ಮೇಲೆ ಎಷ್ಟು ಅಂಗಡಿಗಳು ಉಳಿದಾವು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳೆಯ ಮನೆಗಳ ಅಟ್ಟದಲ್ಲಿ ಇಂಥ ಕಡತ ಸಿಕ್ಕರೆ ದಯವಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಳಪದ ಅಕ್ಷರ ಅಳಿಸಿಹೋಗುತ್ತದೆ. ಮೊದಲು ಪುಟಪುಟವನ್ನೂ ಫೋಟೊ ತೆಗೆದುಕೊಳ್ಳಿ, ಆಮೇಲೆ ರಾಜ್ಯ ಪತ್ರಾಗಾರ ಇಲಾಖೆಯವರಿಗೆ ತೋರಿಸಿ.