ಶೌಚಾಲಯಕ್ಕೆ ನೀರೆಲ್ಲಿಂದ?

ನಾನು ತಾಳವಾಡಿ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ದಾನಿಗಳೊಬ್ಬರು ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿಕೊಟ್ಟರು. ಗೋಡೆಗೆ ಬಣ್ಣ, ಬಾಗಿಲ ಮೇಲೆ ಹೆಸರು, ಎಲ್ಲ ಚೆನ್ನಾಗಿತ್ತು. ಬೇಸಿಗೆಗೆ ಬೋರ್‌ವೆಲ್ ಬತ್ತಿತು, ಬೀಗ ಬಿತ್ತು. "ನೀರಿಲ್ದಿದ್ ಮೇಲೆ ಇದ್ಯಾಕ್ ಮೇಷ್ಟ್ರೇ?" ಎಂದು ಏಳನೇ ತರಗತಿ ಹುಡುಗಿಯ ತಾಯಿ ಕೇಳಿದರು. ಕಂಪನಿಗಳ ಸಮಾಜಸೇವೆಯ ಸುದ್ದಿ ಓದಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಕೋಕಾ-ಕೋಲಾವನ್ನೇ ತೆಗೆದುಕೊಳ್ಳಿ. 1977ರಲ್ಲಿ ದೇಶ ಬಿಟ್ಟು ಹೋಗಿದ್ದ ಕಂಪನಿ 1993ರಲ್ಲಿ ಮರಳಿ ಬಂದು ಥಮ್ಸ್ ಅಪ್, ಲಿಮ್ಕಾಗಳನ್ನೂ ಕೊಂಡುಕೊಂಡಿತು. ಬಾಟಲಿ ತುಂಬುವ ಹಿಂದೂಸ್ತಾನ್ ಕೋಕಾ-ಕೋಲಾ ಬೆವರೇಜಸ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. 2011ರಲ್ಲಿ ಎನ್‌ಡಿಟಿವಿ ಜೊತೆ ಸೇರಿ 'ಸಪೋರ್ಟ್ ಮೈ ಸ್ಕೂಲ್' ಎಂಬ ಕಾರ್ಯಕ್ರಮ ಹಾಕಿಕೊಂಡು ಶಾಲೆಗಳಲ್ಲಿ ಶೌಚಾಲಯ, ಕುಡಿಯುವ ನೀರು, ಮಳೆನೀರು ಸಂಗ್ರಹದ ಕೆಲಸ ಮಾಡಿಸಿತು. ಶೌಚಾಲಯವಿಲ್ಲದೆ ದೊಡ್ಡ ಹುಡುಗಿಯರು ಶಾಲೆ ಬಿಟ್ಟಿದ್ದನ್ನು ಕಣ್ಣಾರೆ ಕಂಡವನು ನಾನು. ಇದನ್ನು ಹಗುರವಾಗಿ ಕಾಣಲಾರೆ.

ಆದರೆ ಅದೇ ಕಂಪನಿಯ ಇನ್ನೊಂದು ಲೆಕ್ಕ ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿದೆ. ಅಲ್ಲಿ ಕಾರ್ಖಾನೆ ಶುರುವಾದದ್ದು 2000ದಲ್ಲಿ. ಬಾವಿ ನೀರು ಕೆಟ್ಟಿದೆ, ಅಡುಗೆಗೂ ಬಾರದು ಎಂದು ಆದಿವಾಸಿಗಳು 2002ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಮಯಿಲಮ್ಮ ಎಂಬ ಆದಿವಾಸಿ ಹೆಂಗಸು ಮುಂದೆ ನಿಂತರು. ರೈತರಿಗೆ ಗೊಬ್ಬರವೆಂದು ಕೊಟ್ಟಿದ್ದ ಕಾರ್ಖಾನೆಯ ಕೆಸರಿನಲ್ಲಿ ಸೀಸ, ಕ್ಯಾಡ್ಮಿಯಂ ಇರುವುದನ್ನು 2003ರಲ್ಲಿ ಬಿಬಿಸಿ ಬಯಲು ಮಾಡಿತು. ಪೆರುಮಾಟ್ಟಿ ಪಂಚಾಯಿತಿ ಪರವಾನಗಿ ನವೀಕರಿಸಲಿಲ್ಲ. (ಗ್ರಾಮಸಭೆಗೆ ಹೋಗಲು ಬೇಸರಪಡುವವರು ಈ ಸಾಲನ್ನು ಇನ್ನೊಮ್ಮೆ ಓದಿ.) 2004ರ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. ಆದ ನಷ್ಟ 216.26 ಕೋಟಿ ರೂಪಾಯಿ ಎಂದು ಕೇರಳ ಸರ್ಕಾರದ ಸಮಿತಿ 2010ರಲ್ಲಿ ಅಂದಾಜು ಮಾಡಿತು. ಪರಿಹಾರಕ್ಕೆಂದು 2011ರಲ್ಲಿ ವಿಧಾನಸಭೆ ಒಪ್ಪಿದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲೇ ಇಲ್ಲ.

ನಮ್ಮ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲೂ ಇದೇ ಕಂಪನಿಯ ಕಾರ್ಖಾನೆ ಬರಬೇಕಿತ್ತು. ರೈತರು ವಿರೋಧಿಸಿದ್ದರು, 2015ರಲ್ಲಿ ಜಮೀನಿನ ಹಂಚಿಕೆ ರದ್ದಾಯಿತು.

ಪಾನೀಯಕ್ಕೆ ಬಳಸಿದಷ್ಟು ನೀರನ್ನು ಜಗತ್ತಿನಾದ್ಯಂತ ಜನರಿಗೆ, ಪ್ರಕೃತಿಗೆ ಹಿಂದಿರುಗಿಸುತ್ತೇವೆ ಎಂದು ಕಂಪನಿ 2007ರಲ್ಲಿ ಮಾತು ಕೊಟ್ಟಿತು. 2015ರ ಹೊತ್ತಿಗೆ ಮಾತು ಉಳಿಸಿಕೊಂಡೆವು ಎಂದಿತು. ಈ ಲೆಕ್ಕದಲ್ಲಿ ಮೇಷ್ಟ್ರಾದ ನಾನು ಎರಡು ಕಡೆ ಕೆಂಪು ಶಾಯಿ ಹಾಕುತ್ತೇನೆ. ಒಂದೂರಿನ ಕೆರೆ ತುಂಬಿಸಿದರೆ ಇನ್ನೊಂದೂರಿನ ಬಾವಿಗೆ ನೀರು ಬರುವುದಿಲ್ಲ. ಎರಡನೆಯದು, ಬಾಟಲಿಯೊಳಗಿನ ನೀರಷ್ಟೇ ನೀರಲ್ಲ. ನೆದರ್ಲೆಂಡ್ಸ್‌ನಲ್ಲಿ ತುಂಬಿದ ಅರ್ಧ ಲೀಟರ್ ಕೋಕ್‌ಗೆ ಸಕ್ಕರೆಯ ಬೆಳೆ, ಪ್ಯಾಕಿಂಗ್ ಎಲ್ಲ ಸೇರಿ 35 ಲೀಟರ್ ನೀರು ಬೇಕೆಂದು ಕಂಪನಿಯೇ ಪಾಲ್ಗೊಂಡ 2010ರ ಅಧ್ಯಯನ ಹೇಳಿದೆ. ಕಬ್ಬು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಮಕ್ಕಳಿಗೆ ಕೊಡಿ, ಒಳ್ಳೆಯ ಗುಣಾಕಾರದ ಲೆಕ್ಕ: ಒಂದು ಮದುವೆಗೆ ಇನ್ನೂರು ಬಾಟಲಿ ತರಿಸಿದರೆ ಎಷ್ಟು ನೀರಾಯಿತು?

ಯಾವ ಕಂಪನಿಯಾದರೂ ಶಾಲೆಗೆ ಏನಾದರೂ ಕೊಡಲು ಬಂದರೆ ಬೇಡವೆನ್ನಬೇಡಿ. ಶಾಲಾ ಸಮಿತಿಯಲ್ಲಿ ಕುಳಿತು, ನೀರು ಎಲ್ಲಿಂದ, ಕೆಟ್ಟರೆ ರಿಪೇರಿ ಯಾರದು, ಇದೇ ಕಂಪನಿ ಬೇರೆ ಊರಿನಲ್ಲಿ ಏನು ಮಾಡಿದೆ ಎಂದು ಕೇಳಿ ಬರೆಸಿಕೊಳ್ಳಿ.

ನಮ್ಮ ಶಾಲೆಯ ಬೀಗ ತೆಗೆದದ್ದು ಮಾರನೆಯ ವರ್ಷ, ಪೋಷಕರೇ ಪಂಚಾಯಿತಿಗೆ ನಾಲ್ಕು ಸಲ ಅಲೆದು ಪೈಪು ಎಳೆಸಿದ ಮೇಲೆ. ಅರ್ಜಿಯನ್ನು ತಮಿಳಿನಲ್ಲಿ ನಾನು ಬರೆದುಕೊಟ್ಟೆ. ಕೆಳಗಿನ ಸಹಿಗಳೆಲ್ಲ ಕನ್ನಡದಲ್ಲಿದ್ದವು.